ಕರಡಿ ಹೊಡದ ತಮ್ಮ, ಬೈದ ಗ್ರೂಪು

ಹೋದ ವಾರದಿಂದ ನಮ್ಮ ಫ್ಯಾಮಿಲಿ ಗ್ರೂಪಿನ್ಯಾಗ ಹತ್ತಿದ ಜಗಳಾ ಇನ್ನೂ ಆರಿಲ್ಲ. ಇಬ್ರು ಗ್ರೂಪ್ ಬಿಟ್ಟು ಹೋಗ್ಯಾರ, ಒಬ್ಬ ಕಾಕಾ ದಿನಾ ಮುಂಜಾನೆ ಗುಡ್ ಮಾರ್ನಿಂಗ್ ಹೂವಿನ ಬದ್ಲಿ ಅಹಿಂಸಾ ಪರಮೋ ಧರ್ಮಃ ಅಂತ ಕಳಸ್ಲಿಕತ್ತಾರ, ನಮ್ಮ ಮಾವಶಿ ಅಂತೂ ಯಾರ ಫೋನೂ ಎತ್ಲಿಕ್ಕೆ ತಯಾರಿಲ್ಲ. ಯಾಕಂದ್ರ ಮಾವಶಿ ಮಗ, ಅಂದ್ರ ನನ್ನ ತಮ್ಮ, ಟೆಕ್ಸಾಸಿನ್ಯಾಗ ಇರಾವ, ಅಲಾಸ್ಕಾದ ಕೋಡಿಯಾಕ್ ದ್ವೀಪಕ್ಕ ಹೋಗಿ ಕರಡಿ ಬೇಟೆ ಆಡಿ ಬಂದಾನ, ಬಂದಾವ ಸುಮ್ನ ಕೂಡಬೇಕೋ ಬ್ಯಾಡೋ, ಫೋಟೋ ಹಾಕ್ಯಾನ. ಹಿಮದ ಮ್ಯಾಲೆ ಮಲಗಿದ ದೊಡ್ಡ ಕಂದು ಕರಡಿ, ಅದರ ಹಿಂದ ಮೊಣಕಾಲೂರಿ ಕೂತು ನಗೋ ಇಂವ. ಧಾರವಾಡದಾಗ ಹುಟ್ಟಿ ಪುಣೆದ ಕರ್ವೆ ನಗರದಾಗ ಬೆಳದ ಹುಡುಗ, ಮನ್ಯಾಗ ತತ್ತಿ ಸುದ್ದಾ ಒಡದವ್ರಲ್ಲ!

ನಾನೂ ಫೋಟೋ ನೋಡಿ ಒಂದು ಕ್ಷಣ ಫೋನ್ ಉಲ್ಟಾ ಇಟ್ಟೆ, ಸುಳ್ಳ್ಯಾಕ ಹೇಳ್ಲಿ. ಆದ್ರ ಗ್ರೂಪಿನ್ಯಾಗ ಬಂದ ಬೈಗಳ ಓದಿದ ಮ್ಯಾಲೆ ನನ್ನ ಸಿಟ್ಟು ಬ್ಯಾರೆ ಕಡೆ ತಿರುಗ್ತು. ಪಾಪಿ ಅಂದ್ರು, ರಾಕ್ಷಸ ಅಂದ್ರು, ಡಾಲರ್ ಮದಾ ಅಂದ್ರು, ಒಬ್ಬ ವೈನಿ ಇವನ್ನ ಜೇಲಿಗೆ ಹಾಕ್ಬೇಕು ಅಂತ ಮರಾಠಿಯೊಳಗ ವಾಯ್ಸ್ ನೋಟ್ ಹಾಕಿದ್ರು. ಇಂವ ಅಲ್ಲೆ ಹೋಗಿ ಮಾಡಿದ್ದೇನು, ಹೆಂಗ ಮಾಡಿದ ಅಂತ ಒಬ್ರರ ಕೇಳಿದ್ರಾ? ಇಲ್ಲ. ನಾ ಕೇಳ್ದೆ. ಎರಡು ರಾತ್ರಿ ವಿಡಿಯೋ ಕಾಲ್ ಮ್ಯಾಲೆ ಕೇಳ್ದೆ, ಇಲ್ಲೆ ಮಧ್ಯರಾತ್ರಿ ಆಗಿತ್ತು, ನಮ್ಮ ಮನಿಯವ್ರು ಲೈಟ್ ಆರ್ಸು ಅಂತ ಒದರ್ಲಿಕತ್ತಿದ್ರು.

ಟೆಕ್ಸಾಸಿಗೆ ಹೋದ ಹೊಸ್ತಾಗಿ ಇವನ ಆಫೀಸಿನವ್ರು ಜಿಂಕಿ ಬೇಟೆಗೆ ಹೋಗ್ತಿದ್ರಂತ, ಇಂವ ಮೊದಲ ಬರೇ ಕ್ಯಾಂಪಿಗೆ ಅಂತ ಹೋದಾವ, ಆಮ್ಯಾಲೆ ಬಂದೂಕ ಹಿಡ್ಯೋದು ಕಲ್ತ, ಹೊಡದಿದ್ದನ್ನ ತಿನ್ನೋದೂ ಕಲ್ತ (ಇದು ಮಾವಶಿಗೆ ಈಗ ಗೊತ್ತಾತು, ಕರಡಿಕಿಂತ ಅದರದ್ದ ಹೆಚ್ಚು ದುಃಖ ಅದ ಆಕೀಗೆ). ಕೋಡಿಯಾಕ್ ಅನ್ನೋ ಹುಚ್ಚು ಆವಾಗಿಂದ್ಲೂ ತಲ್ಯಾಗ ಕೂತಿತ್ತು. ಹೋಗ್ತೀನಿ ಅಂದ್ರ ಯಾರ ಬೇಕಾದ್ರೂ ಹೋಗಿ ಕರಡಿ ಹೊಡೀಲಿಕ್ಕೆ ಬರಂಗಿಲ್ಲ ಅಲ್ಲೆ. ಅಲಾಸ್ಕಾದ ರಹವಾಸಿ ಅಲ್ಲದವ್ರು ಕಂದು ಕರಡಿ ಬೇಟೆಗೆ ಹೋಗ್ಬೇಕಂದ್ರ ಲೈಸೆನ್ಸ್ ಇದ್ದ ಗೈಡ್ ಜೋಡಿ ಇರಬೇಕು, ಇಲ್ಲಾ ಅಲ್ಲೇ ಇರೋ ಹತ್ರದ ಸಂಬಂಧಿಕ ಇರಬೇಕು, ಹತ್ರದ ಅಂದ್ರ ಅಪ್ಪ, ಅವ್ವ, ಅಣ್ಣ, ತಮ್ಮ, ಅಜ್ಜ, ಮೊಮ್ಮಗ, ಭಾವ ಇಂಥವ್ರು, ಕಾಕಾ ಮಾಮಾ ನಡ್ಯಂಗಿಲ್ಲ, ಕಾಕಾನ ಮಗ ಅಂತೂ ಲೆಕ್ಕಕ್ಕೇ ಇಲ್ಲ. ಇದನ್ನ ಕೇಳಿ ನಂಗ ನಗು ತಡೀಲಿಕ್ಕೆ ಆಗ್ಲಿಲ್ಲ, ನಮ್ಮ ಮಂದಿ ಬೀಗರ ಬೀಗರನ್ನೂ ಸ್ವಂತ ಅಣ್ಣ ಅಂತ ಹೇಳಿ ಕಲ್ಯಾಣ ಮಂಟಪದಾಗ ಮೊದಲ ಪಂಕ್ತಿಗೆ ಕೂಡಸವ್ರು.

ಟ್ಯಾಗಿಗೇ, ಅಂದ್ರ ಒಂದು ಕರಡಿ ಹೊಡೀಲಿಕ್ಕೆ ಕೊಡೋ ಪರವಾನಗಿ ಚೀಟಿಗೇ, 1,000 ಡಾಲರ್, ಲೈಸೆನ್ಸಿಗೆ 160 ಬ್ಯಾರೆ, ಗೈಡಿನ ಫೀ ಕೇಳಿದ್ರ ಪುಣೆದಾಗ ಒಂದು ಛೊಲೊ ಕಾರ್ ಬರ್ತದ. ಅಷ್ಟು ರೊಕ್ಕ ಕೊಟ್ರೂ ಪರ್ಮಿಟ್ಟಿಗೆ ಮಿತಿ ಅದ, ವನ್ಯಧಾಮದ ಜಾಗಾದಾಗ ಒಂದೊಂದು ಪ್ರದೇಶ ಒಂದೊಂದು ಗೈಡಿಗೆ ಹಂಚಿರ್ತಾರ, ಹಿಂಗಾಗಿ ವರ್ಷಗಟ್ಲೆ ಪಾಳಿ ಕಾಯ್ಬೇಕು. ಕಾದ. ನಡುವ ಮಗಳು ಹುಟ್ಟಿದ್ಲು, ಮನಿ ಸಾಲ ಬಂತು, ಕಾಯ್ದ ಇದ್ದ.

ದ್ವೀಪದ ಮೂರನೇ ಎರಡು ಪಾಲು ವನ್ಯಧಾಮ, ರಸ್ತಾ ಇರೋದು ಬರೇ ಕೋಡಿಯಾಕ್ ಊರಿನ ಆಜೂಬಾಜೂ, ಮುಂದ ಎಲ್ಲಿಗೆ ಹೋಗ್ಬೇಕಂದ್ರೂ ನೀರಿನ ಮ್ಯಾಲೆ ಇಳಿಯೋ ಸಣ್ಣ ವಿಮಾನ ಇಲ್ಲಾ ಬೋಟು. ಮತ್ತ ವಿಮಾನದಾಗ ಬಂದ ದಿನ ಬಂದೂಕ ಎತ್ತಂಗಿಲ್ಲ, ಮರುದಿನ ಮುಂಜಾನೆ 3 ಗಂಟೆ ಆಗೋತನಕ ಬೇಟೆ ಆಡಿದ್ರ ಕಾನೂನು ಮುರದಂಗ, ಮ್ಯಾಲಿಂದ ನೋಡಿಟ್ಟು ಕೆಳಗ ಇಳದು ಹೊಡೀಬಾರ್ದು ಅಂತ. ಈ ನಿಯಮ ನಂಗ ಭಾಳ ಸೇರ್ತು.

ವಸಂತದ ಸೀಸನ್ ಏಪ್ರಿಲ್ 1ಕ್ಕ ಶುರು, ಮೇ 15ಕ್ಕ ಮುಗೀತದ. ಆವಾಗ ಗುಡ್ಡದ ಮ್ಯಾಲೆಲ್ಲಾ ಇನ್ನೂ ಹಿಮ ಇರ್ತದ, ಕರಡಿಗಳು ಆಗ ಗುಹಾ ಬಿಟ್ಟು ಹೊರಗ ಬರೋ ಹೊತ್ತು, ಮೊದಲ ಬರೋವು ದೊಡ್ಡ ಗಂಡು, ಮರಿ ಇದ್ದ ಹೆಣ್ಣು ಎಲ್ಲಾರ್ಕಿಂತ ತಡಾ. ಹೊಸಾ ಹಿಮದ ಮ್ಯಾಲೆ ಹೆಜ್ಜಿ ಸಾಲು ಕಂಡ್ರ ದೂರ್ಬೀನಿನಿಂದ ಅದರ ಬೆನ್ನು ಹತ್ತೋದು. ಬೇಟೆ ಅಂದ್ರ ಓಡೋದು ಗುಂಡು ಹಾರ್ಸೋದು ಅಂತ ತಿಳ್ಕೊಂಡಿದ್ದೆ ನಾ, ಇಂವ ಹೇಳೋದು ಕೇಳಿದ್ರ ಪೂರಾ ಕೂಡೋದ, ಗಾಳಿಗೆ ಮುಖ ಕೊಟ್ಟು ಎದುರಿನ ಗುಡ್ಡಾ ನೋಡ್ಕೋತ ಕೂಡೋದು, ಮಂಜು ಬಂದ್ರ ಟೆಂಟಿನ್ಯಾಗ ಕೂಡೋದು, ಮಳಿ ಬಂದ್ರ ಕೂಡೋದು, ವಿಮಾನ ಬರವಲ್ದು ಅಂತ ಕೂಡೋದು. ಕಾಲೇಜಿನ್ಯಾಗ ಸಿಂಹಗಡಕ್ಕ ಹೋದ್ರ ಪಿಠಲಾ ಭಾಕ್ರಿ ತಿಂದು ಅರ್ಧಾ ತಾಸಿನ್ಯಾಗ ಬೋರ್ ಆತು ನಡೀ ಅಕ್ಕಾ ಅನ್ನಾವ ಈ ಹುಡುಗ, ನಂಗಂತೂ ನಂಬಿಕಿ ಬರ್ಲಿಲ್ಲ.

ಒಂದು ದಿನ ಮರಿ ಜೋಡಿ ತಾಯಿ ಕಂಡ್ತಂತ. ಅದನ್ನ ಹೊಡ್ಯಂಗಿಲ್ಲ, ಮರಿನೂ ಹೊಡ್ಯಂಗಿಲ್ಲ, ಕಾನೂನ ಹಂಗದ. ಮುಂದ ಒಂದಿನ ದೊಡ್ಡ ಗಂಡು ಕಂಡ್ತು, ಇಂವ ತಯಾರಾದ, ಗೈಡ್ ದೂರ್ಬೀನಿನ್ಯಾಗ ನೋಡಿ ಬ್ಯಾಡ ಅಂದ. ಯಾಕಂದ್ರ ಅದರ ತೊಗಲು ಉಜ್ಜಿ ಹೋಗಿತ್ತು. ಚಳಿಗಾಲ ಕಳದು ಬಂದ ಕರಡಿ ಅಲ್ಲಲ್ಲೆ ಮೈ ತಿಕ್ಕಿ ತಿಕ್ಕಿ ಕೂದಲಾ ಹೋಗಿ ಬಕ್ಕ ಆಗಿರ್ತದಂತ, ಅಂಥದರ ಚರ್ಮಾ ಗ್ವಾಡಿ ಮ್ಯಾಲೆ ಛಂದ ಕಾಣಂಗಿಲ್ಲ. ಹೊಡೀಲಿಲ್ಲ. ಕಡೀಕ ಸಿಕ್ಕಿದ್ದು ಮತ್ತೊಂದು ಗಂಡು, ಕೂದಲಾ ಪೂರಾ ಇದ್ದದ್ದು. ಈ ಬಕ್ಕ ಕರಡಿ ಸುದ್ದಿಗೆ ನಾ ಮತ್ತ ಬರ್ತೀನಿ, ತಡೀರಿ.

ಈಗ ಗ್ರೂಪಿನವ್ರ ಆರೋಪಕ್ಕ ಬರೋಣ. ಹಿಂಗ ಹೊಡಕೋತ ಹೋದ್ರ ಕರಡಿ ಉಳೀತಾವೇನು ಅಂತ ಕಾಕಾ ಕೇಳ್ಯಾರ. ಕಾಕಾ, ಉಳದಾವ. ಆ ಒಂದು ದ್ವೀಪ ಸಮೂಹದಾಗ ಸುಮಾರು 3,500 ಕರಡಿ ಅವ, ವರ್ಷಕ್ಕ ಬೇಟೆಗಾರ್ರು ಹೊಡ್ಯೋದು ಹೆಚ್ಚುಕಮ್ಮಿ 180, ಅದರಾಗ 70% ಮ್ಯಾಲೆ ಗಂಡು. ಹೊಡದ ಮ್ಯಾಲೆ ತಲಿಬುರುಡಿ ಮತ್ತ ಚರ್ಮಾ ತಗೊಂಡು ಹೋಗಿ ಇಲಾಖೆಯವ್ರಿಗೆ ತೋರ್ಸಿ ಸೀಲ್ ಹಾಕಿಸ್ಕೋಬೇಕು, ಅವ್ರು ಲೆಕ್ಕಾ ಬರ್ಕೋತಾರ. ಕೋಡಿಯಾಕ್ ವನ್ಯಧಾಮ 1941ರಾಗ ಆದದ್ದ ಈ ಕರಡಿ ಸಲುವಾಗಿ, ಅದಕ್ಕ ಜೋರು ಹಚ್ಚಿದವ್ರೊಳಗ ಬೇಟೆಗಾರ್ರೂ ಇದ್ರು. ಅಮೇರಿಕಾದಾಗ 1937ರಿಂದ ಒಂದು ಕಾಯ್ದೆ ಅದ, ಬೇಟೆ ಬಂದೂಕ ಮತ್ತ ಕಾಡತೂಸಿನ ಮ್ಯಾಲೆ 11% ತೆರಿಗಿ, ಆ ರೊಕ್ಕ ರಾಜ್ಯಗಳ ವನ್ಯಜೀವಿ ಇಲಾಖೆಗೆ ಹೋಗ್ತದ. ಅಲ್ಲೆ ಕರಡಿಗೆ ಖರೇ ಕೆಟ್ಟ ಕಾಲ ಬಂದಿದ್ದು 1960ರ ದಶಕದಾಗ, ದನಾ ಸಾಕಾವ್ರ ಸಲುವಾಗಿ ಸರಕಾರದವ್ರ ವಿಮಾನದಿಂದ ಕರಡಿ ಹೊಡಸ್ಯಾರ. ಅಂದ್ರ ದನದ ಮಾಂಸದ ಧಂದೆ ಸಲುವಾಗಿ. ಇದನ್ನ ಹೇಳಿದ್ರ ನಮ್ಮ ಗ್ರೂಪಿನ್ಯಾಗ ಯಾರಿಗೂ ಸಿಟ್ಟು ಬರಂಗಿಲ್ಲ.

ಮತ್ತ ನಾವೇನು ಕರಡಿಗೆ ಭಾಳ ಒಳ್ಳೇದು ಮಾಡೇವಿ? ಧಾರವಾಡದಾಗ ಸಣ್ಣವರಿದ್ದಾಗ ಓಣಿಗೆ ಕರಡಿ ಆಡ್ಸವ್ರು ಬರ್ತಿದ್ರು, ಗೊತ್ತದಲ್ಲ? ನಮ್ಮಜ್ಜಿ ಓಡಿ ಹೋಗಿ ಅಕ್ಕಿ ಕೊಟ್ಟು ನಮ್ಮನ್ನ ಅದರ ಬೆನ್ನ ಮ್ಯಾಲೆ ಕೂಡ್ಸಿ, ಹೆದರಿಕಿ ಹೋಗ್ತದ ಅಂತ ಅದರ ಕೂದಲಾ ಕಿತ್ತು ತಾಯಿತ ಮಾಡಿ ಕಟ್ಟತಿದ್ಲು. ಗ್ರೂಪಿನ್ಯಾಗ ಬೈಲಿಕತ್ತವ್ರ ಪೈಕಿ ಅರ್ಧಾ ಮಂದಿ ಕೊರಳಾಗ ಆ ತಾಯಿತ ಇತ್ತು, ನಾ ನೋಡೇನಿ. ಆ ಕರಡಿ ಮೂಗಿಗೆ ಕಾದ ಕಬ್ಬಿಣ ಚುಚ್ಚಿ ಹಗ್ಗ ಹಾಕಿರ್ತಿದ್ರು, ಹಲ್ಲು ಮುರದಿರ್ತಿದ್ರು, ಸಣ್ಣ ಮರಿ ಇದ್ದಾಗ ತಾಯಿಂದ ಕಸಗೊಂಡು ತಂದಿರ್ತಿದ್ರು. ಹಂಗ ಬಿಡಿಸಿ ತಂದ ಕರಡಿಗಳನ್ನ ಬನ್ನೇರುಘಟ್ಟದಾಗ, ಆಗ್ರಾದಾಗ ಇಟ್ಟು ಸಾಕ್ಯಾರ. ಒಂದು ಗುಂಡಿಗೆ ಸಾಯೋದೂ, ಆಯುಷ್ಯ ಪೂರಾ ಮೂಗಿನ ಹಗ್ಗದಾಗ ಕುಣ್ಯೋದೂ, ಯಾವುದು ಕ್ರೂರ ಅಂತ ನಂಗಂತೂ ಸಂಶಯ ಇಲ್ಲ.

ಊರಿಗೆ ಹೋಗ್ಬೇಕಾದ್ರ ಹೈವೇದಾಗ ಕೊಲ್ಹಾಪುರ ಬಂತಂದ್ರ ಗಾಡಿ ನಿಲ್ಸಿ ನ್ಯೂ ಪ್ಯಾಲೇಸ್ ಒಳಗ ಹುಡುಗೂರ್ನ ಕರ್ಕೊಂಡು ಹೋಗಿ ಮಹಾರಾಜರು ಹೊಡದ ಹುಲಿ ನೋಡು, ಕರಡಿ ನೋಡು ಅಂತ ತೋರ್ಸವ್ರು ಇದ ನಮ್ಮ ಮಂದಿ. ಅಲ್ಲೆ ಯಾರೂ ಪಾಪಿ ಅನ್ನಂಗಿಲ್ಲ, ಶೌರ್ಯ ಅಂತಾರ.

ಅದೂ ಹಳೇದು ಅಂದ್ರ 2020ರ ಡಿಸೆಂಬರ್ 9 ನೆನಪಿಸ್ಕೋರಿ. ನಮ್ಮ ಕೋಥರೂಡಿನ ಮಹಾತ್ಮಾ ಸೊಸಾಯಿಟಿಯೊಳಗ ಮುಂಜಾನೆ ಒಂದು ಗವಾ, ಅಂದ್ರ ಕಾಡುಕೋಣ, ಬಂದು ನಿಂತಿತ್ತು. ದಾರಿ ತಪ್ಪಿ ಬಂದ ಪ್ರಾಣಿ. ಸುದ್ದಿ ಹಬ್ಬಿದ್ದ ತಡಾ ನೂರಾರು ಮಂದಿ ಮೊಬೈಲ್ ಹಿಡ್ಕೊಂಡು ಅದರ ಬೆನ್ನು ಹತ್ತಿದ್ರು, ಟಿವಿಯವ್ರು ಬಂದ್ರು, ಬಾಲ್ಕನಿಯಿಂದ ಒದರಿದ್ರು, ಅದು ಗಾಬರ್ಯಾಗಿ ಗಲ್ಲಿ ಗಲ್ಲಿ ಓಡ್ತು, ಗೇಟಿಗೆ ಹಾಯ್ದು ಗಾಯಾ ಮಾಡ್ಕೊಂಡ್ತು, ಅರಣ್ಯ ಇಲಾಖೆಯವ್ರು ಇಂಜೆಕ್ಷನ್ ಹೊಡದು ಹಿಡದ್ರು, ಅವತ್ತ ಸತ್ತು ಹೋತು. ಒಬ್ರ ಕೈಯಾಗೂ ಬಂದೂಕ ಇರ್ಲಿಲ್ಲ. ಆ ದಿನ ಇದ ಗ್ರೂಪಿನ್ಯಾಗ ಲೈವ್ ವಿಡಿಯೋ ಹಾಕಿದವ್ರು ಯಾರ್ಯಾರು ಅಂತ ಬೇಕಾದ್ರ ಸ್ಕ್ರೋಲ್ ಮಾಡಿ ತಗೀತೀನಿ, ನನ್ನ ಫೋನಿನ್ಯಾಗ ಇನ್ನೂ ಅವ.

ಇಷ್ಟು ಹೇಳಿದ್ದಕ್ಕ ನಾ ತಮ್ಮನ ಪಾರ್ಟಿ ಅಂತ ತಿಳ್ಕೋಬ್ಯಾಡ್ರಿ. ಹಂಗಂದ್ರ ಇಲ್ಲೂ ಬೇಟೆ ಶುರು ಮಾಡ್ಬೇಕೇನು ಅಂತ ಒಬ್ರು ಕೇಳ್ಯಾರ. ಬಿಲ್‌ಕುಲ್ ಬ್ಯಾಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮಲ್ಲೆ ಬೇಕ ಬೇಕು. ನಮ್ಮ ಕರಡಿ ಬ್ಯಾರೆ, ನಮ್ಮ ಜಾಗಾ ಬ್ಯಾರೆ. ದರೋಜಿ ಕರಡಿಧಾಮ ನೋಡೀರಿಲ್ಲೋ, ಪೂರಾ ಸುಮಾರು 82 ಚದರ ಕಿಲೋಮೀಟರ್, ಸುತ್ತ ಹೊಲ, ಊರು, ಕುರಿ ಹಿಂಡು, ಸಂಜಿಕ್ಕ ಬಂಡೆಗಲ್ಲಿನ ಮ್ಯಾಲೆ ಸಿಹಿ ಹಚ್ಚಿಡ್ತಾರ ಅಂತ ಕರಡಿ ಇಳದು ಬರ್ತಾವ, ಅದನ್ನ ನೋಡಿ ಮಂದಿ ಮನಿಗೆ ಹೋಗ್ತಾರ. ಅಷ್ಟು ಇಕ್ಕಟ್ಟಿನ್ಯಾಗ ಕೋಟಾ, ಪರ್ಮಿಟ್, ಟ್ಯಾಗ್ ಅಂತ ಕೂತ್ರ ಮೊದಲ ವರ್ಷಾನ ಟ್ಯಾಗ್ ಬ್ಲ್ಯಾಕಿನ್ಯಾಗ ಮಾರ್ತಾರ. ಅಲಾಸ್ಕಾದಾಗ ನಡ್ಯೋದು ಅಲಾಸ್ಕಾಕ್ಕ.

ತಮ್ಮನ ಜೋಡಿ ನನ್ನ ಜಗಳಾ ಆ ಬಕ್ಕ ಕರಡಿದು. ಕೂದಲಾ ಉದರಿದ್ದಕ್ಕ ಅದು ಬದುಕ್ತು, ಕೂದಲಾ ಛಂದ ಇದ್ದದ್ದಕ್ಕ ಇದು ಸತ್ತು ಹೋತು. ಹಂಗಿದ್ದ ಮ್ಯಾಲೆ ನೀ ಇಷ್ಟು ವರ್ಷ ಕಾದದ್ದು, ಚಳಿಯಾಗ ಕೂತದ್ದು, ಪ್ರಾಣಿ ಬಗ್ಗೆ ಗೌರವ ಅಂತ ನನ್ನ ಮುಂದ ಹೇಳಿದ್ದು, ಎಲ್ಲಾ ಕಡೀಕ ಒಂದು ಚರ್ಮಾದ ಸಲುವಾಗೇನು? ಕೇಳ್ದೆ. ಮಾಂಸ ಏನು ಮಾಡಿದ್ರಿ ಅಂತ ಕೇಳ್ದೆ. ಸ್ವಲ್ಪ ಹೊತ್ತು ಏನೂ ಅನ್ಲಿಲ್ಲ. ಆಮ್ಯಾಲೆ, ‘ಅಲ್ಲೇ ಬಿಟ್ವಿ ಅಕ್ಕಾ, ಅದನ್ನ ಹೊತ್ಕೊಂಡು ಬರ್ಲೇಬೇಕು ಅಂತ ಕಾಯ್ದೆ ಇಲ್ಲ’ ಅಂದ.

ಅದ ಅಲಾಸ್ಕಾದಾಗ ಮೂಸ್ ಅನ್ನೋ ದೊಡ್ಡ ಜಿಂಕಿ ಹೊಡದು ಮಾಂಸ ಬಿಟ್ಟು ಬಂದ್ರ ಅಪರಾಧ, ಕ್ಯಾರಿಬೂ ಅನ್ನೋ ಹಿಮಸಾರಂಗ ಬಿಟ್ಟು ಬಂದ್ರ ಅಪರಾಧ, ತಿನ್ನೋ ಮಾಂಸ ಎಲ್ಲಾ ಹೊತ್ಕೊಂಡ ಬರಬೇಕು. ಇಂಥಾ ಬೇಟೆಯೊಳಗ ಕಂದು ಕರಡಿಗೆ ಆದ್ರ ಚರ್ಮಾ ತಲಿಬುರುಡಿ ತಂದ್ರ ಸಾಕು. ಯಾಕ ಅಂದ್ರ ಮೀನು ತಿಂದ ಕರಡಿ ಮಾಂಸ ವಾಸನಿ ಬರ್ತದ, ಹುಳಾ ಇರ್ತಾವ ಅಂದ. ಹುಳಾ ಇರೋದು ಖರೇ, ಟ್ರಿಕಿನೆಲ್ಲಾ ಅಂತಾರ, ಸರಿ ಬೇಯ್ಸಿದ್ರ ಸಾಯ್ತಾವ. ಅಲಾಸ್ಕಾದ ಮೂಲ ನಿವಾಸಿಗಳು ಎಷ್ಟೋ ಪೀಳಿಗಿಯಿಂದ ಕರಡಿ ತಿಂದ ಬದುಕ್ಯಾರ. ಹದ್ದು, ನರಿ ತಿಂತಾವ, ವೇಸ್ಟ್ ಆಗಂಗಿಲ್ಲ ಅಂತ ಮತ್ತೊಂದು ವಾದ ಹಾಕಿದ. ತಿಂತಾವೋ ಮಾರಾಯಾ, ಆದ್ರ ನೀ ಹದ್ದಿನ ಹೊಟ್ಟಿ ತುಂಬ್ಸಲಿಕ್ಕೆ ಅಷ್ಟು ಡಾಲರ್ ಕೊಟ್ಟಿಯೇನು?

ತತ್ತಿ ಒಡೀದ ಮನಿಯಾಕಿ ಮಾಂಸ ತಿನ್ನು ಅಂತ ವಕಾಲತ್ತು ಮಾಡ್ತಾಳ ಅಂತ ನಗ್ರಿ ಬೇಕಾದ್ರ. ಟೆಕ್ಸಾಸಿನ ಜಿಂಕಿ ಹೊಡದು ಫ್ರೀಜರ್ ತುಂಬಿ ವರ್ಷ ಪೂರ್ತಿ ತಿಂದದ್ದಕ್ಕ ನನ್ನ ತಕರಾರಿಲ್ಲ, ಅದರಾಗ ಒಂದು ಲೆಕ್ಕ ಅದ. ಕೂದಲಾ ನೋಡಿ ಆರಿಸಿ, ಕೊಂದು, ಮೈ ಅಲ್ಲೇ ಬಿಟ್ಟು ಬರೋದರಾಗ ನಂಗ ಲೆಕ್ಕ ಸಿಗವಲ್ದು. ಈ ಮಾತು ನಮ್ಮ ಗ್ರೂಪಿನ್ಯಾಗ ಇಷ್ಟು ದಿನದ ಬೈಗಳದಾಗ ಒಬ್ರೂ ಎತ್ತಿಲ್ಲ, ಎಲ್ಲಾರೂ ಪಾಪ ಪುಣ್ಯದಾಗ ಸಿಕ್ಕೊಂಡಾರ.

ಮಾವಶಿಗೆ ಒಂದು ಹೆದರಿಕಿ ಅದ, ಮಗ ದೀಪಾವಳಿಗೆ ಬರಬೇಕಾದ್ರ ಆ ಚರ್ಮಾ ಪುಣೆಗೆ ತಂದು ಹಾಲಿನ್ಯಾಗ ಹಾಸ್ಯಾನ ಅಂತ. ಮಾವಶಿ, ತರಂಗಿಲ್ಲ, ಅದು ಸೈಟಿಸ್, ಅಂದ್ರ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯೊಳಗಿನ ಪ್ರಾಣಿ, ಪರ್ಮಿಟ್ ಇಲ್ದ ದೇಶ ದಾಟಂಗಿಲ್ಲ, ಮತ್ತ ಅದಿನ್ನೂ ಚರ್ಮಾ ಹದಾ ಮಾಡೋ ಟ್ಯಾಕ್ಸಿಡರ್ಮಿಯವ್ರ ಹತ್ರನ ಅದ. ಫೋನ್ ಎತ್ತು.

ಇನ್ನ ತಮ್ಮಾ, ನಿನ್ನ ಟ್ಯಾಗ್ ಮಾಡೇನಿ, ಓದು. ಆ ದ್ವೀಪದಾಗ ಒಬ್ರಿಗೆ 4 ವರ್ಷಕ್ಕ ಒಂದ ಕರಡಿ ಅಂತ ನೀನ ಹೇಳಿದ್ದಿ, ಹೇಳೋವಾಗ ಬೆರಳು ಮಡಚಿ ಮುಂದಿನ ಸಲದ್ದು ಲೆಕ್ಕಾ ಹಾಕ್ಲಿಕತ್ತಿದ್ದು ನಾ ನೋಡೇನಿ. ಅಲ್ಲೀತನಕ ನನ್ನ ಕಾಲ್ ಬರ್ಕೋತ ಇರ್ತಾವ, ಮಾಂಸದ ಪ್ರಶ್ನೆಗೆ ಹದ್ದು ನರಿ ಬಿಟ್ಟು ಬ್ಯಾರೆ ಉತ್ತರಾ ಹುಡ್ಕಿ ಇಟ್ಕೋ.