ಸತ್ಯಾಂಶ: ಕುಡಿತ ಬಿಡುವವರ ಸಭೆಗೆ ಆಧಾರ್ ಬೇಕಿಲ್ಲ, ಹಣವೂ ಬೇಕಿಲ್ಲ

‘ಕುಡಿತ ಬಿಡುವ ಸಭೆಗೆ ಹೋದರೆ ಆಧಾರ್ ಕೇಳುತ್ತಾರೆ, ಹೆಸರು ಪೊಲೀಸರಿಗೆ ಹೋಗುತ್ತದೆ, ಸಾವಿರಾರು ರೂಪಾಯಿ ಕಟ್ಟಬೇಕು’ ಎಂಬ ಸಂದೇಶ ಕಲಬುರಗಿಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸುಳ್ಳು. ಇದನ್ನು ನಂಬಿ ಒಬ್ಬರು ಮನೆಯಲ್ಲೇ ಉಳಿದರೂ ಅದು ದೊಡ್ಡ ನಷ್ಟ.

1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ, ಕುಡಿತದಿಂದ ನೊಂದಿದ್ದ ಇಬ್ಬರು ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಎಂಬ ಕೂಟ ಇಂಥ ಸಭೆಗಳನ್ನು ನಡೆಸುತ್ತದೆ. ಅದು ಸದಸ್ಯತ್ವಕ್ಕೆ ಇಟ್ಟಿರುವ ಷರತ್ತು ಒಂದೇ: ಕುಡಿತ ಬಿಡಬೇಕೆಂಬ ಆಸೆ. ಸಭೆಯಲ್ಲಿ ಜನ ಕುಳಿತು ಸರದಿಯಂತೆ ತಮ್ಮ ಅನುಭವ ಹೇಳಿಕೊಳ್ಳುತ್ತಾರೆ. ಮೊದಲ ಹೆಸರಷ್ಟೇ ಸಾಕು, ಮಾತನಾಡಲು ಮನಸ್ಸಿಲ್ಲದಿದ್ದರೆ ಸುಮ್ಮನೆ ಕೇಳಬಹುದು, ಕೇಳಿದ್ದನ್ನು ಹೊರಗೆ ಆಡಬಾರದೆಂಬುದು ಅಲ್ಲಿನ ರೂಢಿ. ಶುಲ್ಕವಿಲ್ಲ, ಖರ್ಚಿಗಾಗಿ ಸದಸ್ಯರು ಇಷ್ಟವಿದ್ದಷ್ಟು ಕೊಡುತ್ತಾರೆ. ‘ಮುಕ್ತ’ ಸಭೆಗೆ ಮನೆಯವರೂ ಬರಬಹುದು, ‘ಮುಚ್ಚಿದ’ ಸಭೆ ಕುಡಿತ ಬಿಡಲು ಬಯಸುವವರಿಗೆ ಮಾತ್ರ. ಕುಟುಂಬದವರಿಗೆಂದೇ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ.

ಹತ್ತಿರದ ಸಭೆಯನ್ನು ಎಎ ಇಂಡಿಯಾದ ಜಾಲತಾಣದಲ್ಲಿ ಹುಡುಕಿ, ಸ್ಥಳವೂ ಸಮಯವೂ ಬದಲಾಗುವುದರಿಂದ ಹೊರಡುವ ಮುನ್ನ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ಊರಿನಿಂದ ಬರುವುದು ಕಷ್ಟವಾದರೆ ಆನ್‌ಲೈನ್ ಸಭೆಗಳೂ ಇವೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಜೀವಕ್ಕೇ ಅಪಾಯವಾಗಬಹುದು. ಸಭೆ ವೈದ್ಯರಿಗೆ ಬದಲಿಯಲ್ಲ. ಅಂಥವರು ಮೊದಲು ಜಿಲ್ಲಾ ಆಸ್ಪತ್ರೆಯ ವೈದ್ಯರನ್ನು ಕಾಣಬೇಕು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೂ, ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416ಕ್ಕೂ ಉಚಿತವಾಗಿ ಕರೆ ಮಾಡಬಹುದು.