ಪೇಟೆಂಟಿಗೊಂದು ಪೇಟ

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬಗೆಗಳಿವೆ; ಸರಕಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ, ಗೊರಬಲಿಗೆ ಕಡಿಮೆ. ಗೊರಬಲನ್ನು ಸರಕಿನ ಚೀಲಕ್ಕೆ ಬೆರೆಸಿ ತಂದರೆ ವ್ಯಾಪಾರಿ ಒಂದು ಹಿಡಿ ಎತ್ತಿ ನೋಡುತ್ತಾನೆ, ಚೀಲವನ್ನು ಕಾಲಲ್ಲೇ ಪಕ್ಕಕ್ಕೆ ಸರಿಸುತ್ತಾನೆ. ವಿಶ್ವವಿದ್ಯಾಲಯಗಳ ವಾರ್ತಾಪತ್ರದಲ್ಲಿ ‘ನಮ್ಮ ಹೆಮ್ಮೆಯ ಸಾಧಕರು’ ಎಂಬ ಪುಟವಿರುತ್ತದಲ್ಲ, ಅಲ್ಲಿಗೆ ಅಂಥ ವ್ಯಾಪಾರಿ ಇನ್ನೂ ಬಂದಿಲ್ಲ. ಅಲ್ಲಿ ಬಿದ್ದದ್ದೆಲ್ಲ ಸರಕೇ.

ಈ ಪುಟದಲ್ಲಿ ಈಚೆಗೆ ಒಳ್ಳೆಯ ಧಾರಣೆ ಇರುವುದು ಪೇಟೆಂಟಿಗೆ. ಮಲೆನಾಡಿನವರಾದ ಮೇಲೆ ಆವಿಷ್ಕಾರ ಅಡಿಕೆಯದ್ದೇ ಆಗಬೇಕು. ‘ಎಐ ಆಧಾರಿತ ಸ್ವಯಂಚಾಲಿತ ಬೋರ್ಡೋ ಮಿಶ್ರಣ ಯಂತ್ರ’ ಎಂದಿಟ್ಟುಕೊಳ್ಳೋಣ. ಬೋರ್ಡೋ ಎಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ದ್ರಾವಣ. ಆವಿಷ್ಕಾರಕರು ಆರು ಮಂದಿ: ವಾಣಿಜ್ಯ ವಿಭಾಗದವರು ಇಬ್ಬರು, ಗ್ರಂಥಪಾಲಕರು, ದೈಹಿಕ ಶಿಕ್ಷಣ ನಿರ್ದೇಶಕರು, ಇಂಗ್ಲಿಷಿನವರೊಬ್ಬರು, ಮತ್ತೆ ಯಾರಿಗೂ ಮುಖಪರಿಚಯವಿಲ್ಲದ ಹೊರರಾಜ್ಯದವರೊಬ್ಬರು. ಹೆಸರುಗಳ ಜಾಗ ವಾಟ್ಸಾಪಿನಲ್ಲಿ ಬಿಕರಿಯಾಗುತ್ತದೆ. ಮೊದಲ ಹೆಸರಿಗೆ ಒಂದು ರೇಟು, ಆರನೆಯದಕ್ಕೆ ಇನ್ನೊಂದು, ಬಸ್ಸಿನ ಕಿಟಕಿ ಸೀಟಿನ ಹಾಗೆ.

ಯಂತ್ರದ ಚಿತ್ರವನ್ನು ಹತ್ತಿರದಿಂದ ನೋಡಿ. ಹೊಳೆಯುವ ಕಬ್ಬಿಣದ ಡ್ರಮ್ಮು. ತೋಟದ ಮನೆಯ ಹುಡುಗನಿಗೂ ಗೊತ್ತು, ಮೈಲುತುತ್ತದ ನೀರನ್ನು ಕಬ್ಬಿಣಕ್ಕೆ ಸುರಿಯಬಾರದು. ತಾಮ್ರವೆಲ್ಲ ಕಬ್ಬಿಣದ ಮೈಗೆ ಅಂಟಿ ಕೂರುತ್ತದೆ, ಡ್ರಮ್ಮು ತಿಂದುಹೋಗುತ್ತದೆ. ಒಂದು ಕೆಜಿ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕೆಜಿ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಹುಯ್ಯುವುದು ಪದ್ಧತಿ. ಆಮೇಲೆ ಒಂದು ಹೊಳಪಿನ ಚಾಕು ಅದ್ದುವುದು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕು ಎಂದು ಅರ್ಥ. ಎಐ ಮಾಡುವ ಕೆಲಸವನ್ನು ಆ ಚಾಕು ಕರೆಂಟಿಲ್ಲದೆ ಮಾಡುತ್ತದೆ. ಆದರೆ ಬಡ್ತಿಯ ಲೆಕ್ಕದಲ್ಲಿ ಚಾಕುವಿಗೆ ಅಂಕವಿಲ್ಲ.

ಪೇಟೆಂಟ್ ಅರ್ಜಿಯ ಶುಲ್ಕ 1,600 ರೂಪಾಯಿ. ಸುಮ್ಮನೆ ಬಿಟ್ಟರೆ ಅದು ಪೇಟೆಂಟ್ ಕಚೇರಿಯ ಜರ್ನಲಿನಲ್ಲಿ ಪ್ರಕಟವಾಗಲು 18 ತಿಂಗಳು ಬೇಕು, ಅಷ್ಟರಲ್ಲಿ ಬಡ್ತಿಯ ಸಂದರ್ಶನ ಮುಗಿದುಹೋಗುತ್ತದೆ. ಆದ್ದರಿಂದ ಫಾರ್ಮ್ 9 ತುಂಬಿ, ಇನ್ನೊಂದು 2,500 ಕಟ್ಟಿದರೆ ತಿಂಗಳೊಳಗೆ ಪ್ರಕಟ. ಶುಕ್ರವಾರ ಪೇಟೆಂಟ್ ಜರ್ನಲ್, ಶನಿವಾರ ಪತ್ರಿಕಾ ಪ್ರಕಟಣೆ, ಸೋಮವಾರ ಗೇಟಿನ ಮೇಲೆ ಫ್ಲೆಕ್ಸು: ‘ನಮ್ಮ ಪ್ರಾಧ್ಯಾಪಕರಿಗೆ ಪೇಟೆಂಟ್!’ ಪ್ರಕಟವಾಗಿರುವುದು ಅರ್ಜಿ ಮಾತ್ರ. ಅದನ್ನು ಪರೀಕ್ಷಿಸಿ ಎಂದು ಕೇಳಲು ಫಾರ್ಮ್ 18 ಮತ್ತು 4,000 ರೂಪಾಯಿ ಬೇರೆ. 31 ತಿಂಗಳೊಳಗೆ ಕೇಳದಿದ್ದರೆ ಅರ್ಜಿಯನ್ನು ಹಿಂತೆಗೆದುಕೊಂಡಂತೆಯೇ ಲೆಕ್ಕ. ಆ ಸುದ್ದಿಗೆ ಯಾರೂ ಫ್ಲೆಕ್ಸ್ ಕಟ್ಟಿಸುವುದಿಲ್ಲ.

ಇಷ್ಟೂ ತ್ರಾಸವೆನಿಸಿದವರಿಗೆ ವಿನ್ಯಾಸ ನೋಂದಣಿಯಿದೆ. ಅದು ವಸ್ತುವಿನ ಆಕಾರಕ್ಕೆ ಸಿಗುವಂಥದ್ದು, ಯಂತ್ರ ತಿರುಗುತ್ತದೋ ಇಲ್ಲವೋ ಯಾರೂ ಕೇಳುವುದಿಲ್ಲ. ಬ್ರಿಟನ್ನಿನಲ್ಲಂತೂ ಆಕಾರ ಹೊಸದೋ ಹಳೆಯದೋ ಎಂದೂ ನೋಡದೆ ನೋಂದಾಯಿಸಿಕೊಳ್ಳುತ್ತಾರೆ. ಆ ಸರ್ಟಿಫಿಕೇಟು ಘಟ್ಟ ಹತ್ತುವಷ್ಟರಲ್ಲಿ ‘ಅಂತರರಾಷ್ಟ್ರೀಯ ಪೇಟೆಂಟ್’ ಆಗಿರುತ್ತದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯ ಕೋಷ್ಟಕದಲ್ಲಿ ರಾಷ್ಟ್ರೀಯ ಪೇಟೆಂಟಿಗೆ 7 ಅಂಕ, ಅಂತರರಾಷ್ಟ್ರೀಯಕ್ಕೆ 10.

ಅದೇ ಕೋಷ್ಟಕದ ಕೆಳಗೆ ಸಂಶೋಧನಾ ಲೇಖನಗಳಿಗೊಂದು ಲೆಕ್ಕವಿದೆ, ಮಂಡಿಯ ಹಮಾಲರು ನಿಧಾನವಾಗಿ ಓದಬೇಕಾದದ್ದು. ಇಬ್ಬರು ಸೇರಿ ಬರೆದರೆ ಒಬ್ಬೊಬ್ಬರಿಗೂ ಶೇ 70. ಅಂದರೆ ಒಂದು ಕ್ವಿಂಟಲ್ ಮೂಟೆಯನ್ನು ಇಬ್ಬರು ಹೊತ್ತರೆ ತಲಾ 70 ಕೆಜಿ ಹೊತ್ತಂತೆ. ಇಬ್ಬರಿಗಿಂತ ಹೆಚ್ಚಾದರೆ ಮುಖ್ಯ ಲೇಖಕರಿಗೆ 70, ಉಳಿದವರಿಗೆ ತಲಾ 30. ಆರು ಜನ ಸೇರಿದರೆ 70ಕ್ಕೆ 150 ಕೂಡಿ ಶೇ 220! ಹಸಿ ಅಡಿಕೆ ಒಣಗಿದರೆ ತೂಕ ಇಳಿಯುತ್ತದೆ. ಒಣ ಲೇಖನ ಮಾತ್ರ ಹಂಚಿದಷ್ಟೂ ತೂಗುತ್ತದೆ. ಒಬ್ಬನೇ ಕೂತು ಬರೆದವನಿಗೆ ಬರೀ ನೂರು.

ಹಾಗೆ ಒಬ್ಬರೇ ಕೂತು ಬರೆದವರು ಕೆನಡಾದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಮಲೆನಾಡಿನ ಮಳೆಯಲ್ಲಿ ಕೊಳೆರೋಗದ ಬೆನ್ನು ಹತ್ತಿ, ಅದಕ್ಕೆ ಕಾರಣವಾದ ರೋಗಾಣುವನ್ನು ವಿವರಿಸಿ 1910ರಲ್ಲಿ ಬುಲೆಟಿನ್ ಹೊರಡಿಸಿದರು. ಅಡಿಕೆ ಗೊನೆಗಳಿಗೆ ಬೋರ್ಡೋ ಹೊಡೆಯಿರಿ ಎಂದರು. ಇವತ್ತಿಗೂ ತೀರ್ಥಹಳ್ಳಿಯಿಂದ ಸಾಗರದವರೆಗೆ ಮುಂಗಾರಿನ ಹೊತ್ತಿಗೊಂದು, 40-45 ದಿನ ಬಿಟ್ಟು ಇನ್ನೊಂದು ಸಿಂಪಡಣೆ ನಡೆಯುತ್ತದೆ. ಇಂಥವರು ಇಂದು ಬಡ್ತಿಗೆ ಅರ್ಜಿ ಹಾಕಿದರೆ ಏನಾದೀತು? ಸರ್ಕಾರಿ ಬುಲೆಟಿನ್, ಜರ್ನಲಿನ ತೂಕ ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲ, ಸಹಲೇಖಕರಿಲ್ಲ, ಜಿಯೋಟ್ಯಾಗ್ ಫೋಟೋ ಇಲ್ಲ. ‘ದಾಖಲೆ ಅಪೂರ್ಣ’ ಎಂದು ಕಡತ ವಾಪಸು ಬರುತ್ತಿತ್ತು. ದುಡ್ಡು ಕೊಟ್ಟರೆ ಏನನ್ನೂ ಅಚ್ಚು ಹಾಕುವ ಕಳ್ಳ ಜರ್ನಲುಗಳನ್ನು ಸೋಸಲೆಂದು ಇದ್ದ ಕೇರ್ ಪಟ್ಟಿಯನ್ನೂ ಯುಜಿಸಿ 2025ರ ಫೆಬ್ರವರಿಯಲ್ಲಿ ಕೈಬಿಟ್ಟು, ವಿಶ್ವವಿದ್ಯಾಲಯಗಳಿಗೆ ನಿಮ್ಮ ಜರಡಿ ನೀವೇ ಹೆಣೆದುಕೊಳ್ಳಿ ಎಂದಿದೆ. ಕೆಲವು ಕಡೆ ಕಣ್ಣು ದೊಡ್ಡದಾಗಿಯೇ ಹೆಣೆಯುತ್ತಿದ್ದಾರೆ.

ಜಿಯೋಟ್ಯಾಗ್ ಎಂದೆನಲ್ಲ. ಕಾಲೇಜುಗಳನ್ನು ಅಳೆದು ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆಯ ಕಡತಕ್ಕೆ ಪ್ರತಿ ವಿಚಾರಸಂಕಿರಣದ ಫೋಟೋದಲ್ಲೂ ಅಕ್ಷಾಂಶ, ರೇಖಾಂಶ ಅಚ್ಚಾಗಿರಬೇಕು. ಜುಲೈ ಮಳೆ, ಕಾಂಕ್ರೀಟಿನ ಸಭಾಂಗಣ, ಒಂದೂ ಕಡ್ಡಿಯಿಲ್ಲದ ನೆಟ್‌ವರ್ಕ್. ಆ್ಯಪು ಉಪಗ್ರಹ ಸಿಗದೆ, ಕೊನೆಯಲ್ಲಿ ಎಲ್ಲಿತ್ತೋ ಆ ಜಾಗವನ್ನೇ ಛಾಪಿಸುತ್ತದೆ. ಹಾಗಾಗಿ ರಾಷ್ಟ್ರೀಯ ಸಂಕಿರಣ ಯಾವುದೋ ಮಿಲಿಟರಿ ಹೋಟೆಲಿನಲ್ಲಿ ನಡೆದಂತೆ ಕಾಣುತ್ತದೆ. ಪರಿಹಾರ: ಬ್ಯಾನರನ್ನು ಬಿಚ್ಚಿ ಪೋರ್ಟಿಕೋಗೆ ತರುವುದು. ಮಳೆಯ ಇರಚಲಿಗೆ ಸಭಿಕರು ಹೊರಬರುವುದಿಲ್ಲ. ಫೋಟೋದಲ್ಲಿ ನಾಲ್ಕು ಜನ, ಎರಡು ಕೊಡೆ. ವರದಿಯಲ್ಲಿ ‘200 ಪ್ರತಿನಿಧಿಗಳು’. ಒಂದೇ ದಿನಕ್ಕೆ ಮೂರು ಕಾರ್ಯಕ್ರಮವಿದ್ದರೆ ಬ್ಯಾನರುಗಳನ್ನು ಒಂದರ ಹಿಂದೊಂದು ಕಟ್ಟಿ, ಫೋಟೋ ಆದ ಹಾಗೆ ಮೇಲಿನದನ್ನು ಕಿತ್ತರಾಯಿತು. ಅಂಗಿ ಬದಲಿಸಲು ಮಾತ್ರ ಮರೆಯಬಾರದು; ಮರೆತವರೇ ಹೆಚ್ಚು. ಈ ಫೋಟೋಗಳಿಗೆಲ್ಲ ತಾರೀಖು ಹಚ್ಚಿ, ರಾತ್ರಿ ಕರೆಂಟು ಬಂದಾಗ ಅಪ್‌ಲೋಡ್ ಮಾಡುವ ಗುತ್ತಿಗೆ ಗುಮಾಸ್ತೆಯ ಹೆಸರು ಸಾಧಕರ ಪುಟದಲ್ಲಿ ಇರುವುದಿಲ್ಲ. ಆ ಹೊತ್ತಿನಲ್ಲಿ ತರಗತಿ ತೆಗೆದುಕೊಂಡ ಅತಿಥಿ ಉಪನ್ಯಾಸಕರದ್ದೂ.

ಕೊನೆಗೆ ಸನ್ಮಾನ. ಆರು ಶಾಲು, ಆರು ಮೈಸೂರು ಪೇಟ, ಹೆಸರಿಗೆ ಗಂಧದ್ದಾದ ಆರು ಹಾರ. ಹಣ್ಣಿನ ಬುಟ್ಟಿ ಮಾತ್ರ ಬಜೆಟ್ಟಿನ ಪ್ರಕಾರ ಒಂದೇ, ಅದರಲ್ಲಿ 10 ಸೇಬು. ಲೇಖನದ ಲೆಕ್ಕವನ್ನೇ ಹಿಡಿದರೆ ಮೊದಲ ಆವಿಷ್ಕಾರಕರಿಗೆ 7, ಉಳಿದ ಐವರಿಗೆ ತಲಾ 3, ಒಟ್ಟು 22 ಹಣ್ಣು ಆಗಬೇಕು. ವೇದಿಕೆಯ ಹಿಂದೆ ನಿಂತ ಅಟೆಂಡರು ಬುಟ್ಟಿಯನ್ನು ಎರಡು ಸಲ ಎಣಿಸುತ್ತಾನೆ. ಎರಡು ಸಲವೂ ಹತ್ತೇ.