ನೋವೇ ಇಲ್ಲದ ಗಾಲ್‌ಬ್ಲಾಡರ್ ಕಲ್ಲಿಗೆ ಆಪರೇಷನ್ ಬೇಕಾ? ಪರ - ವಿರೋಧ

ಆಫೀಸಿನವರು ಮಾಡ್ಸೋ ಹೆಲ್ತ್ ಚೆಕಪ್ಪಲ್ಲೋ, ಕಿಡ್ನಿ ಸ್ಟೋನ್ ಇದ್ಯಾ ನೋಡೋಣ ಅಂತ ಮಾಡ್ಸಿದ ಸ್ಕ್ಯಾನಿಂಗಲ್ಲೋ ಒಂದು ಸಾಲು ಬಂದ್ಬಿಡತ್ತೆ: ಪಿತ್ತಕೋಶದಲ್ಲಿ (ಅದೇ ಗಾಲ್‌ಬ್ಲಾಡರ್) 8 ಎಂಎಂ ಕಲ್ಲು, ಗೋಡೆ ದಪ್ಪ ಆಗಿಲ್ಲ, ಸಿಬಿಡಿ (ದೊಡ್ಡ ಪಿತ್ತನಾಳ) ನಾರ್ಮಲ್. ಆಸಾಮಿ ಬೆಳಿಗ್ಗೆ ಮಸಾಲೆ ದೋಸೆ ತಿಂದು ಆರಾಮಾಗೇ ಇದ್ದ, ಮಧ್ಯಾಹ್ನಕ್ಕೆ ಪೇಷಂಟ್ ಆದ. ಒಬ್ಬ ಡಾಕ್ಟರ್ ತೆಗೆಸ್ಬಿಡಿ ಅಂತಾರೆ, ಇನ್ನೊಬ್ರು ಏನೂ ಮಾಡ್ಬೇಡಿ ಅಂತಾರೆ. ಇಬ್ರೂ ಸುಳ್ಳು ಹೇಳ್ತಿಲ್ಲ, ಹಾಗಾಗಿ ಎರಡೂ ಕಡೆ ವಾದ ಇಲ್ಲಿದೆ.

ಪರ: ಗೊತ್ತಾದ್ಮೇಲೆ ತೆಗೆಸ್ಕೊಳ್ಳೋದೇ ವಾಸಿ

ಮೊದಲು ಈ "ನೋವಿಲ್ಲ" ಅನ್ನೋದನ್ನ ನಂಬೋದು ಹೇಗೆ ಹೇಳಿ. ನಮ್ ಜನಕ್ಕೆ ಎದೆಯಿಂದ ಹೊಕ್ಕಳವರೆಗೆ ಏನೇ ಆದ್ರೂ ಅದು ಗ್ಯಾಸ್ಟ್ರಿಕ್ಕು. ಮದುವೆ ಮನೆ ಊಟ ಮಾಡಿ ರಾತ್ರಿ ಹೊಟ್ಟೆ ಮೇಲ್ಭಾಗ ಹಿಂಡಿದ್ರೂ ಗ್ಯಾಸ್ಟ್ರಿಕ್ಕು, ಬಲಗಡೆ ಬೆನ್ನಿನ ರೆಕ್ಕೆ ಹತ್ರ ಹಿಡ್ಕೊಂಡ್ರೂ ಗ್ಯಾಸ್ಟ್ರಿಕ್ಕು, ಮೆಡಿಕಲ್ ಶಾಪಿಂದ ಪ್ಯಾನ್ 40 ತಂದು ನುಂಗಿ, ಮೇಲೊಂದು ಜೀರಿಗೆ ಕಷಾಯ ಕುಡಿದು ಮಲಗ್ತಾರೆ. ಬೆಳಿಗ್ಗೆ ಹೋಗಿರತ್ತೆ. ಅದು ಮಾತ್ರೆಯಿಂದ ಹೋಗಿದ್ದಲ್ಲ, ಪಿತ್ತಕೋಶದ ಕುತ್ತಿಗೆಗೆ ಸಿಕ್ಕಿದ್ದ ಕಲ್ಲು ವಾಪಸ್ ಒಳಗೆ ಜಾರಿರತ್ತೆ ಅಷ್ಟೆ. ಹಂಗೆ ವರ್ಷಗಟ್ಲೆ ನಾಲ್ಕೈದು ಸಲ ಆಗಿರೋರೂ ಡಾಕ್ಟರ್ ಕೇಳಿದಾಗ "ಏನೂ ತೊಂದ್ರೆ ಇಲ್ಲ ಸಾರ್, ಸ್ವಲ್ಪ ಗ್ಯಾಸ್ಟ್ರಿಕ್ ಅಷ್ಟೆ" ಅಂತಾರೆ, ಫೈಲಲ್ಲಿ ಲಕ್ಷಣ ಇಲ್ಲ ಅಂತ ದಾಖಲಾಗತ್ತೆ.

ಇನ್ನೊಂದು, ಚಿಕ್ಕ ಕಲ್ಲು ಅಂದ್ರೆ ಚಿಕ್ಕ ತೊಂದ್ರೆ ಅಂತ ಜನ ಅನ್ಕೊಂಡಿದ್ದಾರೆ. ಉಲ್ಟಾ. ದೊಡ್ಡದು ಜಾಗ ಬಿಟ್ಟು ಕದಲಲ್ಲ, ಸಾಸಿವೆ ಕಾಳಿನಷ್ಟು ಇರೋದು ಸಣ್ಣ ನಾಳದೊಳಗೆ ನುಸುಳಿ ದೊಡ್ಡ ಪಿತ್ತನಾಳಕ್ಕೆ ಬೀಳತ್ತೆ, ಅಲ್ಲಿ ಅಡ್ಡ ಕೂತ್ರೆ ಕಣ್ಣು ಹಳದಿ, ಅದರ ಮೇಲೆ ಸೋಂಕು ಸೇರಿದ್ರೆ ಚಳಿ ಜ್ವರ, ಇನ್ನೂ ಕೆಳಗೆ ಹೋಗಿ ಪ್ಯಾಂಕ್ರಿಯಾಸ್ ನಾಳ ಬಂದು ಸೇರೋ ಬಾಯಲ್ಲಿ ಸಿಕ್ಕಿದ್ರೆ ಪ್ಯಾಂಕ್ರಿಯಾಟೈಟಿಸ್, ಅಂದ್ರೆ ಪ್ಯಾಂಕ್ರಿಯಾಸ್ ಉರಿಯೂತ. ನಮ್ಮ ಸೋದರಮಾವನಿಗೆ ಆಗಿದ್ದು ಅದೇ. ರಿಪೋರ್ಟು ವರ್ಷಾನುಗಟ್ಲೆ ಬೀರುವಿನಲ್ಲಿ ಇನ್ಶೂರೆನ್ಸ್ ಪಾಲಿಸಿ ಜೊತೆ ಬೆಚ್ಚಗಿತ್ತು. ಶುಗರ್ ಬೇರೆ ಇತ್ತು. ಅರವತ್ತೆಂಟಕ್ಕೆ ಒಂದಿನ ರಾತ್ರಿ ವಾಂತಿ, ಹೊಟ್ಟೆಯಿಂದ ಬೆನ್ನಿಗೆ ಚುಚ್ಚಿದ ಹಾಗೆ ನೋವು, ಐಸಿಯು. ಉಳಿದ್ರು, ಆದ್ರೆ ಐವತ್ತರಲ್ಲಿ ಒಂದು ರಾತ್ರಿ ಆಸ್ಪತ್ರೇಲಿ ಮಲಗಿ ಮುಗಿಸ್ಬಹುದಾಗಿದ್ದನ್ನ ಒಂದೂವರೆ ತಿಂಗಳು ಅನುಭವಿಸಿದ್ರು. ಆಮೇಲೆ ತೆಗೆದ ಕಲ್ಲುಗಳನ್ನ ಆಸ್ಪತ್ರೆಯವರು ಸಣ್ಣ ಡಬ್ಬೀಲಿ ಹಾಕಿ ಕೊಟ್ರು, ಕರೀ ಮೆಣಸಿನಕಾಳಿನ ಹಾಗಿದ್ವು. ಅತ್ತೆ ಅದನ್ನ ಮನೇಲಿ ಇಡೋಕೆ ಬಿಡ್ಲಿಲ್ಲ.

ಆಪರೇಷನ್ ಅಂದ್ರೆ ಹೆದ್ರೋ ಕಾಲ ಇತ್ತು, ಒಪ್ಪೋಣ. 1882ರಲ್ಲಿ ಬರ್ಲಿನ್ನಿನ ಲಾಂಗೆನ್‌ಬುಖ್ ಮೊದಲ ಸಲ ಪಿತ್ತಕೋಶ ತೆಗೆದಾಗಿಂದ ನೂರು ವರ್ಷ ಪಕ್ಕೆ ಕೆಳಗೆ ಉದ್ದಕ್ಕೆ ಕೊಯ್ದೇ ಮಾಡ್ತಿದ್ರು. 1985ರಲ್ಲಿ ಜರ್ಮನಿಯ ಬೋಬ್ಲಿಂಗನ್ ಊರಲ್ಲಿ ಎರಿಕ್ ಮ್ಯೂಹೆ ಲ್ಯಾಪ್ರೋಸ್ಕೋಪ್ (ಸಣ್ಣ ತೂತಿಂದ ಒಳಗೆ ನೋಡೋ ಕೊಳವೆ) ಹಾಕಿ ಮಾಡ್ದಾಗ ಸ್ವಂತ ದೇಶದ ಸರ್ಜನ್‌ಗಳೇ ಮೂಗು ಮುರಿದ್ರು. 1990ರಲ್ಲಿ ಮುಂಬೈಯಲ್ಲಿ ತೆಹೆಮ್ಟನ್ ಉದ್ವಾಡಿಯಾ ಶುರು ಮಾಡಿದ್ರು. ಈಗ ಜಿಲ್ಲಾ ಕೇಂದ್ರಗಳಲ್ಲೂ ನಾಲ್ಕು ತೂತಿನ ಆಪರೇಷನ್ ಆಗತ್ತೆ, ಮಾರನೇ ದಿನ ಮನೆ. ಹಳೇ ಭಯಕ್ಕೆ ಹೊಸ ಆಪರೇಷನ್ ಬೇಡ ಅನ್ನೋದು ಸರಿಯಲ್ಲ.

ಕ್ಯಾನ್ಸರ್ ವಿಷ್ಯ ಬೇರೆ ಇದೆ. ಪಿತ್ತಕೋಶದ ಕ್ಯಾನ್ಸರ್ ಗಂಗಾ ಬಯಲಿನ ಯುಪಿ, ಬಿಹಾರದ ಕಡೆ ಹೆಂಗಸರಲ್ಲಿ ಜಾಸ್ತಿ, ಚಿಲಿ ದೇಶದಲ್ಲೂ ಜಾಸ್ತಿ. ಹೆಚ್ಚಿನ ರೋಗಿಗಳಲ್ಲಿ ಜೊತೆಗೆ ಕಲ್ಲೂ ಇರತ್ತೆ. ಹೊರಗೆ ಗೊತ್ತಾಗೋ ಹೊತ್ತಿಗೆ ಲಿವರ್‌ಗೆ ಹಬ್ಬಿರತ್ತೆ. ಚಿಲಿ ಸರ್ಕಾರ 2006ರಲ್ಲಿ 35ರಿಂದ 49 ವರ್ಷದೋರಿಗೆ ಸ್ಕ್ಯಾನಲ್ಲಿ ಕಲ್ಲು ಖಚಿತ ಆದ್ರೆ, ಕ್ಯಾನ್ಸರ್ ತಡೆಯೋಕೆ ಅಂತಲೇ ಪಿತ್ತಕೋಶ ತೆಗೆಯೋದನ್ನ ತನ್ನ ಗ್ಯಾರಂಟಿ ಚಿಕಿತ್ಸೆಗಳ ಪಟ್ಟಿಗೆ ಸೇರಿಸ್ತು. ನಮ್ ದಕ್ಷಿಣದಲ್ಲಿ ಕಮ್ಮಿ ಅಂತೀರಾ? ಬೆಂಗಳೂರಲ್ಲಿ ಬಿಹಾರ, ಯುಪಿಯಿಂದ ಬಂದು ನೆಲೆಸಿರೋರು ಎಷ್ಟು ಜನ ಇದ್ದಾರೆ ನೋಡಿ, ಅವರು ಹುಟ್ಟಿ ಬೆಳೆದ ಊರಿನ ರಿಸ್ಕು ರೈಲು ಹತ್ತಿದ ತಕ್ಷಣ ಇಳಿದು ಹೋಗತ್ತಾ?

ಆಮೇಲೆ ಎಲ್ಲಿ ಇರ್ತೀವಿ ಅನ್ನೋದೂ ಮುಖ್ಯ. ಆಸ್ಟ್ರೇಲಿಯಾದ ಅಂಟಾರ್ಕ್ಟಿಕಾ ನೆಲೆಯಲ್ಲಿ ಚಳಿಗಾಲ ಕಳೆಯೋಕೆ ಹೋಗೋ ಡಾಕ್ಟರ್ ಅಪೆಂಡಿಕ್ಸ್ ಮೊದಲೇ ತೆಗೆಸ್ಕೊಂಡಿರಬೇಕು ಅಂತ ರೂಲ್ಸೇ ಇದೆ, ಅಲ್ಲಿ ನೋವು ಬಂದ್ರೆ ಕೊಯ್ಯೋರು ಯಾರೂ ಇಲ್ಲ ಅಂತ. ಆಗುಂಬೆ ಪಕ್ಕದ ಒಂಟಿ ಮನೇಲಿ ಮಳೆಗಾಲ ಕಳೆಯೋರ ಸ್ಥಿತಿ ಅಷ್ಟು ಕೆಟ್ಟದಲ್ಲ ನಿಜ, ಆದ್ರೆ ರಾತ್ರಿ ಎರಡು ಗಂಟೆಗೆ ಮರ ಬಿದ್ದ ರಸ್ತೇಲಿ ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಹೊರಡೋದು ಸುಲಭ ಅಂತ ಹೇಳ್ಬೇಡಿ. ದುಬೈ, ಮಸ್ಕತ್ ಕಡೆ ಒಬ್ರೇ ಇರೋರಿಗೂ ಇದೇ ಮಾತು, ರಜೆಗೆ ಊರಿಗೆ ಬಂದಾಗ ಮುಗಿಸ್ಕೊಂಡು ಹೋದ್ರೆ ತಲೆನೋವಿಲ್ಲ.

ವಿರೋಧ: ಸುಮ್ನಿರೋ ಕಲ್ಲನ್ನ ಕೆಣಕೋದು ಯಾಕೆ

ಒಬ್ಬರ ಮಾವನ ಕಥೆಗೆ ನಾನು ಎದುರು ಕಥೆ ಹೇಳಲ್ಲ, ಲೆಕ್ಕ ಹೇಳ್ತೀನಿ. 1982ರಲ್ಲಿ ಗ್ರೇಸಿ ಮತ್ತು ರಾನ್ಸಾಫ್ ಅನ್ನೋ ಇಬ್ರು ಮಿಶಿಗನ್ ಯೂನಿವರ್ಸಿಟಿಯ ಅಧ್ಯಾಪಕರ ಮೇಲೆ ಮಾಡಿದ ಸ್ಟಡಿ ಪ್ರಕಟ ಮಾಡಿದ್ರು. ಹೆಲ್ತ್ ಚೆಕಪ್ಪಲ್ಲಿ ಕಲ್ಲು ಕಂಡ, ಆದ್ರೆ ನೋವಿಲ್ಲದ 123 ಜನ. ಐದು ವರ್ಷಕ್ಕೆ ನೋವು ಬಂದೋರು ನೂರಕ್ಕೆ 10, ಹತ್ತು ವರ್ಷಕ್ಕೆ 15, ಹದಿನೈದು ವರ್ಷಕ್ಕೆ 18, ಆಮೇಲೆ ಗ್ರಾಫು ಏರೋದೇ ನಿಂತ್ಹೋಯ್ತು. ಕಾಂಪ್ಲಿಕೇಶನ್ ಆದೋರು ಮೂರೇ ಜನ, ಅವರಿಗೂ ಮೊದಲು ನೋವು ಬಂದು ಎಚ್ಚರಿಸಿತ್ತು. ಕಲ್ಲಿಂದ ಸತ್ತೋರು ಯಾರೂ ಇಲ್ಲ. ಅದು ಬಹುಪಾಲು ಗಂಡಸರ, ಅದೂ ಪ್ರೊಫೆಸರ್‌ಗಳ ಗುಂಪು ಅಂತ ತಕರಾರು ಇದೆ, ತಕರಾರು ಸರೀನೇ. ಆದ್ರೆ ಆಮೇಲೆ ಇಟಲಿಯಲ್ಲಿ ಊರ ಸಾಮಾನ್ಯ ಜನರನ್ನ ಹತ್ತಿರ ಹತ್ತಿರ ಒಂಬತ್ತು ವರ್ಷ ಹಿಂಬಾಲಿಸಿದಾಗಲೂ ನೋವಿಲ್ಲದೋರಲ್ಲಿ ನೂರಕ್ಕೆ 78 ಜನ ಹಾಗೇ ಆರಾಮಾಗಿದ್ರು. ಅಂದ್ರೆ ಎಲ್ರಿಗೂ ಆಪರೇಷನ್ ಮಾಡಿದ್ರೆ ಐದರಲ್ಲಿ ನಾಲ್ಕು ಜನ ಸುಮ್‌ಸುಮ್ನೆ ಟೇಬಲ್ ಹತ್ತಿದ ಹಾಗೆ.

ಸುಮ್ನೆ ಹತ್ತಿದ್ರೆ ಏನು ನಷ್ಟ ಅಂತೀರಾ? ನಾಲ್ಕು ತೂತು ಅಂತ ಹಗುರಾಗಿ ಹೇಳೋರು ಒಳಗಡೆ ಏನಾಗತ್ತೆ ಅಂತ ಹೇಳಲ್ಲ. ಪಿತ್ತಕೋಶದಿಂದ ಹೊರಡೋ ಸಣ್ಣ ನಾಳ, ಲಿವರ್‌ನಿಂದ ಇಳಿಯೋ ದೊಡ್ಡ ನಾಳ, ಮೇಲೆ ಲಿವರ್ ಅಂಚು, ಇವು ಮೂರರ ನಡುವಿನ ಇಕ್ಕಟ್ಟಿನ ಜಾಗಕ್ಕೆ ಕ್ಯಾಲೋ ತ್ರಿಕೋನ ಅಂತಾರೆ. ಸರ್ಜನ್ ಅಲ್ಲಿರೋ ಕೊಬ್ಬನ್ನೆಲ್ಲಾ ಬಿಡಿಸಿ, ಪಿತ್ತಕೋಶಕ್ಕೆ ಹೋಗೋದು ಒಂದು ನಾಳ ಒಂದು ರಕ್ತನಾಳ ಎರಡೇ ಅಂತ ಕಣ್ಣಾರೆ ಕಂಡ ಮೇಲೇ ಕ್ಲಿಪ್ ಹಾಕ್ಬೇಕು. ಸ್ಟ್ರಾಸ್‌ಬರ್ಗ್ ಅನ್ನೋ ಸರ್ಜನ್ 1995ರಿಂದ ಬಡ್ಕೊಂಡು ಹೇಳ್ತಿರೋದು ಇದನ್ನೇ. ಯಾಕಂದ್ರೆ ಎಳೆದು ಹಿಡಿದಾಗ ದೊಡ್ಡ ನಾಳವೇ ಸಣ್ಣ ನಾಳದ ಹಾಗೆ ಕಾಣತ್ತೆ, ಅದಕ್ಕೆ ಕ್ಲಿಪ್ ಬಿದ್ರೆ, ಕತ್ತರಿ ಬಿದ್ರೆ, ಮನುಷ್ಯನ ಜೀವನವೇ ಬದಲಾಗತ್ತೆ. ಪಿತ್ತ ಹೊಟ್ಟೆಯೊಳಗೆ ಸೋರತ್ತೆ, ಕಾಮಾಲೆ ಆಗತ್ತೆ, ಕೊನೆಗೆ ಸಣ್ಣ ಕರುಳಿನ ಒಂದು ತುಂಡನ್ನ ಮೇಲೆತ್ತಿ ಲಿವರ್ ಬುಡದ ನಾಳಕ್ಕೇ ಹೊಲಿಯೋ ದೊಡ್ಡ ಆಪರೇಷನ್, ಅದೂ ಮತ್ತೆ ಕಿರಿದಾಗ್ಬಹುದು. ಇದು ಸಾವಿರಕ್ಕೆ ಮೂರರಿಂದ ಐದು ಜನಕ್ಕೆ ಆಗತ್ತೆ. ನೋವಿಂದ ಒದ್ದಾಡ್ತಿರೋನಿಗೆ ಈ ರಿಸ್ಕು ಒಪ್ಪಿಗೆಯಾಗಬಹುದು, ದೋಸೆ ತಿಂದು ಆರಾಮಾಗಿದ್ದೋನಿಗೆ ಯಾಕೆ ಒಪ್ಪಿಗೆಯಾಗ್ಬೇಕು?

ಗ್ಯಾಸ್ಟ್ರಿಕ್ ಅನ್ನೋ ಹೆಸರಲ್ಲಿ ನಿಜವಾದ ನೋವು ಅಡಗಿರತ್ತೆ ಅನ್ನೋ ಮಾತು ಒಪ್ತೀನಿ, ಅದು ಪರ ವಾದದಲ್ಲಿ ಅತ್ಯಂತ ಗಟ್ಟಿ ಮಾತು. ಆದ್ರೆ ಅದರ ಇನ್ನೊಂದು ಮುಖವೂ ಇದೆ. ನಿಜವಾದ ಗ್ಯಾಸ್ಟ್ರಿಕ್ಕಿಗೂ ಕಲ್ಲನ್ನ ಹೊಣೆ ಮಾಡಿ ಆಪರೇಷನ್ ಆಗೋದೂ ಅಷ್ಟೇ ಮಾಮೂಲು. ಹೊಟ್ಟೆ ಉಬ್ಬರ, ತೇಗು, ಹುಳಿ ಇವೆಲ್ಲಾ ಪಿತ್ತಕೋಶ ಹೋದ್ಮೇಲೂ ಅಲ್ಲೇ ಇರ್ತವೆ. ನೆದರ್ಲೆಂಡ್ಸಿನ ಸಾವಿರಕ್ಕೂ ಹೆಚ್ಚು ಜನರ ಟ್ರಯಲ್ 2019ರಲ್ಲಿ ಬಂತು, ಅದರಲ್ಲಿ ಇದ್ದೋರೆಲ್ಲಾ ಕಲ್ಲೂ ಇದ್ದು ಹೊಟ್ಟೆನೋವೂ ಇದ್ದೋರೇ, ಹೆಚ್ಚಿನೋರಿಗೆ ಆಪರೇಷನ್ ಆಯ್ತು, ಒಂದು ವರ್ಷದ ನಂತರ ಕೇಳಿದ್ರೆ ಸುಮಾರು ನೂರಕ್ಕೆ 40 ಜನಕ್ಕೆ ಇನ್ನೂ ನೋವು ಇತ್ತು. 2023ರಲ್ಲಿ ಬ್ರಿಟನ್ನಿನ ಸಿ-ಗಾಲ್ ಟ್ರಯಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ನೋವಿದ್ದ, ಆದ್ರೆ ಕಾಂಪ್ಲಿಕೇಶನ್ ಇಲ್ಲದ 434 ಜನರಲ್ಲಿ ಅರ್ಧ ಜನಕ್ಕೆ ಆಪರೇಷನ್ ಅಂತ, ಅರ್ಧ ಜನಕ್ಕೆ ಕಾದು ನೋಡೋಣ ಅಂತ. ಒಂದೂವರೆ ವರ್ಷದಲ್ಲಿ ಕಾದು ನೋಡೋ ಗುಂಪಲ್ಲಿ ಆಪರೇಷನ್ ಬೇಕಾಗಿದ್ದು ನಾಲ್ಕರಲ್ಲಿ ಒಬ್ರಿಗೆ, ನೋವಿನ ಲೆಕ್ಕದಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಇಲ್ಲ. ಒಂದೂವರೆ ವರ್ಷ ಕಮ್ಮಿ ಆಯ್ತು ಅಂತ ಸರ್ಜನ್‌ಗಳು ಗೊಣಗಿದ್ರು, ಗೊಣಗಲಿ. ನೋವಿದ್ದೋರಿಗೇ ಹೀಗಾದ್ರೆ ನೋವಿಲ್ಲದೋರ ಪಾಡೇನು ಅಂತ ನನ್ ಪ್ರಶ್ನೆ. ಅಂದಹಾಗೆ ನೋವಿಲ್ಲದ ಕಲ್ಲಿಗೆ ಆಪರೇಷನ್ ಮಾಡೋದಾ ಬಿಡೋದಾ ಅಂತ ನೇರವಾಗಿ ಹೋಲಿಸಿದ ಟ್ರಯಲ್ ಇದ್ಯಾ ಅಂತ 2007ರಲ್ಲಿ, ವೈದ್ಯಕೀಯ ಟ್ರಯಲ್‌ಗಳನ್ನ ಒಟ್ಟುಗೂಡಿಸಿ ತೂಗಿ ನೋಡೋ ಕಾಕ್ರೇನ್ ಸಂಸ್ಥೆಯವರು ಹುಡುಕಿದಾಗ ಸಿಕ್ಕಿದ್ದು ಸೊನ್ನೆ. ತೆಗೆಸ್ಲೇಬೇಕು ಅಂತ ಅಷ್ಟು ಧೈರ್ಯವಾಗಿ ಹೇಳೋರಿಗೆ ಆ ಧೈರ್ಯ ಎಲ್ಲಿಂದ ಬರತ್ತೋ!

ಚಿಲಿ ಮಾಡಿದ್ದು ಚಿಲಿಗೆ ಸರಿ. ಅಲ್ಲಿನ ಕ್ಯಾನ್ಸರ್ ಲೆಕ್ಕ ಹಾಸನಕ್ಕೋ ಹುಬ್ಬಳ್ಳಿಗೋ ಅಂಟಿಸೋಕಾಗಲ್ಲ. ಬಿಹಾರದಿಂದ ಬಂದೋರ ವಿಷ್ಯ ಬೇರೆ, ಅವರ ಬಗ್ಗೆ ಹೇಳಿದ್ದನ್ನ ನಾನೂ ಒಪ್ತೀನಿ. ಉಳಿದಂತೆ ಪಿತ್ತಕೋಶದ ಗೋಡೆಗೆ ಸುಣ್ಣ (ಕ್ಯಾಲ್ಸಿಯಂ) ಕಟ್ಟಿದ್ರೆ, ಒಂದು ಸೆಂಟಿಮೀಟರ್‌ಗಿಂತ ದೊಡ್ಡ ಪಾಲಿಪ್ (ಒಳಗೋಡೆ ಮೇಲೆ ಬೆಳೆಯೋ ಗಂಟು) ಇದ್ರೆ, ಕಲ್ಲು ಮೂರು ಸೆಂಟಿಮೀಟರ್ ದಾಟಿದ್ರೆ ಕಥೆ ಬೇರೆ. ಕಲ್ಲು ದೊಡ್ಡ ಪಿತ್ತನಾಳದಲ್ಲೇ ಇದ್ರಂತೂ ನೋವಿಲ್ಲದಿದ್ರೂ ತೆಗೀಬೇಕು. ಇವನ್ನ ಬಿಟ್ರೆ ಬ್ರಿಟನ್ನಿನ ಚಿಕಿತ್ಸಾ ಗೈಡ್‌ಲೈನ್ ಸಂಸ್ಥೆ ನೈಸ್ 2014ರಲ್ಲಿ, ಯುರೋಪಿನ ಲಿವರ್ ತಜ್ಞರ ಸಂಘ 2016ರಲ್ಲಿ ಬರೆದ ಗೈಡ್‌ಲೈನ್ ಎರಡೂ ಹೇಳೋದು ಒಂದೇ, ನೋವಿಲ್ಲದ ಕಲ್ಲಿಗೆ ರೂಟೀನ್ ಚಿಕಿತ್ಸೆ ಬೇಡ.

ಹಾಗಂತ ಕರಗಿಸ್ತೀನಿ ಅಂತ ಬಾಳೆದಿಂಡಿನ ರಸ ಕುಡಿಯೋಕೆ ಹೋಗ್ಬೇಡಿ, ಕಿಡ್ನಿ ಕಲ್ಲಿನ ಮನೆಮದ್ದು ಪಿತ್ತಕೋಶದ ದಾರಿಗೆ ಹೋಗೋದೇ ಇಲ್ಲ. ಇನ್ನು ವಾಟ್ಸಾಪಲ್ಲಿ ಓಡಾಡೋ "ಲಿವರ್ ಫ್ಲಶ್" ಇದ್ಯಲ್ಲ, ಸೇಬಿನ ಜ್ಯೂಸು, ಆಲಿವ್ ಎಣ್ಣೆ, ನಿಂಬೆರಸ ಕುಡಿದ್ರೆ ಬೆಳಿಗ್ಗೆ ಹಸಿರು ಉಂಡೆಗಳು ಹೊರಗೆ ಬೀಳ್ತವೆ ಅಂತ ಫೋಟೋ ಸಮೇತ ಬರೋದು, 2005ರಲ್ಲಿ ಅಂಥ ಉಂಡೆಗಳನ್ನ ಲ್ಯಾಬಲ್ಲಿ ಪರೀಕ್ಷೆ ಮಾಡಿದ್ರು. ಕಲ್ಲಲ್ಲ. ಕುಡಿದ ಎಣ್ಣೇನೇ ಹೊಟ್ಟೇಲಿ ಸೋಪಾಗಿ ಗಟ್ಟಿಯಾಗಿತ್ತು!

ತೆಗೆಸ್ದೆ ಇರೋರು ಮಾಡ್ಬೇಕಾದ್ದು ಇಷ್ಟೇ. ಬಲಪಕ್ಕೆ ಕೆಳಗೋ ಎದೆಗುಂಡಿಗೆಯ ಕೆಳಗೋ ಅರ್ಧ ಗಂಟೆಗಿಂತ ಜಾಸ್ತಿ ಹಿಂಡೋ ನೋವು ಬಂದ್ರೆ, ಅದು ಬಲಭುಜದ ಹಿಂದಕ್ಕೆ ಹೋದ್ರೆ, ಅವತ್ತೇ ಅದನ್ನ ಗ್ಯಾಸ್ಟ್ರಿಕ್ ಅನ್ನೋದು ಬಿಟ್ಟು ಸರ್ಜನ್ ಹತ್ರ ಹೋಗಿ. ಚಳಿ ಜ್ವರದ ಜೊತೆ ಕಣ್ಣು ಹಳದಿ ಆದ್ರೆ ಬೆಳಗಾಗ್ಲಿ ಅಂತಲೂ ಕಾಯ್ಬೇಡಿ. ಹಳೇ ಸ್ಕ್ಯಾನ್ ರಿಪೋರ್ಟನ್ನ ಫೋನಲ್ಲಿ ಫೋಟೋ ತೆಗೆದಿಟ್ಕೊಂಡಿರಿ, ಡ್ಯೂಟಿ ಡಾಕ್ಟರಿಗೆ ಅದನ್ನ ತೋರಿಸಿದ್ರೆ ಅರ್ಧ ಕೆಲಸ ಅಲ್ಲೇ ಆಗಿರತ್ತೆ.